ಕಿಮೋನೊ ಚಿತ್ರದಾಗ ಬೆನ್ನು ಯಾಕ ತೋರಿಸ್ತಾರ?

ಧಾರವಾಡ_ಕಸೂತಿ:
ನಾನು ಕಸೂತಿ ಹಾಕಾಕಿರಿ, ಡಿಸೈನ್ ಹುಡುಕ್ಕೋತ ಕುಂತಾಗ ಜಪಾನಿನ ಹಳೇ ಚಿತ್ರಗಾರ ಹಿಶಿಕಾವಾ ಮೊರೊನೊಬು ರೇಷ್ಮಿ ಮ್ಯಾಲ ಬರದ ಒಂದು ಚಿತ್ರ ಸಿಕ್ತು, ಟೋಕಿಯೊ ನ್ಯಾಷನಲ್ ಮ್ಯೂಸಿಯಂದು, ಕೆಂಪು ಕಿಮೋನೊ ತೊಟ್ಟ ಹೆಣಮಗಳು ನಡಕೋತ ಹೊಂಟಾಕಿ ಹೊಳ್ಳಿ ನೋಡ್ತಾಳ. ಮೂರು ದಿನದಿಂದ ಜೂಮ್ ಮಾಡಿ ಮಾಡಿ ನೋಡಾಕತ್ತೀನಿ. ಮಾರಿ ನಾಕ ಗೆರೀದಾಗ ಮುಗಿಸ್ಯಾನ, ಅರಿವಿ ಮ್ಯಾಲಿನ ಸೇವಂತಿಗಿ, ಚೆರ್ರಿ ಹೂವು ಮಾತ್ರ ಒಂದೊಂದೂ ಬಿಡಿಸ್ಯಾನ. ಮತ್ತ ಬೆನ್ನು ಯಾಕ ತೋರಿಸ್ಯಾನ?

ಬೆಟಗೇರಿ_ಮಗ್ಗ:
ಅಕ್ಕಾರ, ನಮ್ದು ನೇಕಾರ ಮನಿ, ನನಗ ಮೊದಲ ಕಾಣೂದು ಹೊಲಿಗಿನ. ಕಿಮೋನೊಕ್ಕ ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದ ಥಾನು, ಸೀದಾ ಸೀದಾ ಕತ್ತರಿಸಿ ಜೋಡಸ್ತಾರ, ಸೊಂಟಕ್ಕ ಫಿಟ್ಟಿಂಗ್ ಅನ್ನೂದು ಇಲ್ಲ. ಮುಂದ ಎಡದ ಮಗ್ಗಲಾ ಬಲದ ಮ್ಯಾಲ ಬಂದು ಡಿಸೈನ್ ಮುಚ್ಚತೈತಿ, ಬೆನ್ನು ಮಾತ್ರ ಹೆಗಲಿಂದ ಕೆಳಗಿನ ಅಂಚಿನ ತನಕ ಬಯಲು ಇದ್ದಂಗ. ನಮ್ಮ ಇಳಕಲ್ ಸೀರಿ ತೋಪತೆನಿ ಸೆರಗೂ ಹಿಂದಿನಿಂದ ನೋಡಿದ್ರನ ಚಂದ ಅಲ್ರಿ?
ಇನ್ನೊಂದು, ಆ ಮೊರೊನೊಬು ಅಪ್ಪ ಬಟ್ಟಿಗೆ ಬಣ್ಣ ಹಾಕಾಂವ, ಬಂಗಾರ ಬೆಳ್ಳಿ ದಾರದ ಕಸೂತಿ ಮಾಡಾಂವ. ಅಂಥಾ ಮನ್ಯಾಗ ಬೆಳದಾಂವ ಮಾರಿ ಮೊದಲ ನೋಡ್ತಾನೇನ್ರಿ? ನಮ್ಮಪ್ಪ ಈಗ್ಲೂ ಮದಿವಿಗೆ ಹೋದ್ರ ಮಂದಿ ಮಾತಾಡ್ಸೂಕಿಂತ ಮೊದಲ ಸೀರಿ ದಡಿ ನೋಡ್ತಾನ.

ಹಾವೇರಿ_ಪೇಂಟರ್:
ಖರೆ ಮಾತು. ಜಪಾನಿನ ಇನ್ನೊಬ್ಬ ಚಿತ್ರಗಾರ ಒಗಾಟ ಕೋರಿನ್ ಮನಿಯವರದೂ ಕ್ಯೋಟೊದಾಗ ಕಿಮೋನೊ ಅಂಗಡಿ ಇತ್ತು, ಅಂವ ಬಿಳೇ ರೇಷ್ಮಿ ಮ್ಯಾಲ ಸ್ವತಃ ಕುಂಚ ಹಿಡದು ಹೂವು ಬರದ ಉಡುಪು ಅದ ಟೋಕಿಯೊ ಮ್ಯೂಸಿಯಂನಾಗ ಐತಿ. ಫ್ರಾನ್ಸಿನ ಚಿತ್ರಗಾರ ಮೋನೆ 1876ರಾಗ ಹೆಂಡತಿ ಕಮೀಲ್‌ಗೆ ಕೆಂಪು ಕಿಮೋನೊ ತೊಡಿಸಿ ಬರದಾನಲ್ಲ, ಆಕಿನೂ ಹಿಂಗ ಹೊಳ್ಳಿ ನೋಡ್ತಾಳ.
ಆದ್ರ ನನಗ ಇವೆರಡಕ್ಕಿಂತ ಜಪಾನಿನ ಹಾರುನೊಬು ಮ್ಯಾಲ ಜೀವ. 1765ರ ಹೊತ್ತಿಗೆ ಬಹುಬಣ್ಣದ ಮರದಚ್ಚಿನ ಚಿತ್ರ ಶುರುವಾದಾಗಿನ ಕಲಾವಿದ. ಬಣ್ಣನ ಹಚ್ಚದ ಅಚ್ಚು ಒತ್ತಿ ಕಾಗದದ ಮ್ಯಾಲ ಉಬ್ಬು ಎಬ್ಬಸ್ತಿದ್ರು, ಬಿಳೇ ಬಟ್ಟಿ ನೇಯ್ಗಿ ಸುದ್ದಾ ಹಂಗ ತೋರಸ್ತಿದ್ರು. ಫೋನಿನಾಗ ಅದು ಕಾಣಂಗಿಲ್ಲ, ಮಗ್ಗಲಿಂದ ಬೆಳಕು ಬಿದ್ದ ಫೋಟೊ ಹುಡುಕ್ರಿ.

ಧಾರವಾಡ_ಕಸೂತಿ:
ಅಪ್ಪ ಕಸೂತಿ ಮಾಡಾಂವ ಅಂತ ಓದಿದ ಮ್ಯಾಲ ಮತ್ತ ಹೋಗಿ ನೋಡಿದ್ನಿ, ಈಗ ಆ ಸೇವಂತಿಗಿ ದುಂಡಾನ ಗ್ರಾಫ್ ಹಾಳಿ ಮ್ಯಾಲ ಇಳಸಾಕತ್ತೀನಿ. ಎಳಿ ಎಣಿಸಿ ಹಾಕೂದ್ರಾಗ ದುಂಡು ದುಂಡಾಗಿ ಬರೂದಿಲ್ಲ, ಎಂಟು ಮೂಲಿ ಮಾಡಬೇಕು. ಅವ್ವನ ಕರೇ ಚಂದ್ರಕಾಳಿ ಸೀರಿ ಐತಿ, ಅದರ ಮ್ಯಾಲ ಕೆಂಪು ದಾರ ಹಾಕ್ಲೋ ಬಿಳೇದೋ? ಬೆಟಗೇರಿ ಅಣ್ಣಾರ, ನಿಮ್ಮಪ್ಪಾರನ್ನ ಕೇಳಿ ಹೇಳ್ರಿ.