"ಇಶ್ಯೂ" ಅನ್ನೂದಕ್ಕ ಕನ್ನಡದಾಗ ಏನು ಬರೀಬೇಕು? ಅನುಭವ ಇದ್ದವ್ರು ಹೇಳ್ರಿ

ಅಥಣಿ ಮೊಮ್ಮಗ:
ನಮ್ಮ ಮುತ್ಯಾ 1958ರಾಗ ಇಂಗ್ಲಿಷಿನ್ಯಾಗ ಮೃತ್ಯುಪತ್ರ ಬರಿಸ್ಯಾನ. ಹೊಲ "ಟು ಮೈ ಸನ್ ಅಂಡ್ ಹಿಸ್ ಇಶ್ಯೂ" ಅಂತ ಐತಿ. ಆ ಮಗ ಅಂದ್ರ ನಮ್ಮ ದೊಡ್ಡಪ್ಪ. ಅಂವನೂ ಇಲ್ಲ, ಅವನ ಒಬ್ಬಾಕಿ ಮಗಳೂ ಇಲ್ಲ, ಆಕಿ ಮಗ ಅದಾನ. ವಕೀಲರು ಕನ್ನಡ ತರ್ಜುಮೆ ಕೇಳ್ಯಾರ. ಡಿಕ್ಷನರಿ ತೆಗದ್ರ ಮಕ್ಕಳು, ಸಂತತಿ, ಸಂಚಿಕೆ, ಸಮಸ್ಯೆ, ವಿವಾದ, ಸ್ರಾವ ಅಂತ ಸಂತಿ ಹಚ್ಚ್ಯಾರ. ಅದೇ ಫೈಲಿನ್ಯಾಗ ಕೋರ್ಟಿನ ಕಾಗದದಾಗ "ಇಶ್ಯೂಸ್ ಫ್ರೇಮ್ಡ್" ಅಂತ ಬ್ಯಾರೆ ಐತಿ. ಮೃತ್ಯುಪತ್ರಕ್ಕ ಮಕ್ಕಳು ಅನ್ಲೋ, ಸಂತತಿ ಅನ್ಲೋ? ಗುರುವಾರ ಕೊಡಬೇಕು.

ನವನಗರದಾವ:
ತಮ್ಮಾ, ಈ ಶಬ್ದದ ಹೆಸರು ತೆಗಿಬ್ಯಾಡ. ಹಳೇ ಬಾಗಲಕೋಟಿ ಮುಳುಗಡಿ ಆದಾಗ ನಮ್ಮಪ್ಪ ಒಂದು ಫಾರ್ಮ್ ತುಂಬಿದ. "ಇಶ್ಯೂಸ್, ಇಫ್ ಎನಿ" ಅಂತ ಇತ್ತು. ಅಪ್ಪ ಏಳನೇತ್ತಿ ಪಾಸ್, ಇಶ್ಯೂ ಅಂದ್ರ ತಂಟೆ-ತಕರಾರು ಅಂತ ತಿಳ್ಕೊಂಡ. ನಮಗ ಯಾರ ಜೋಡಿನೂ ತಂಟೆ ಇಲ್ಲಲ್ಲ, ದೊಡ್ಡ ಅಕ್ಷರದಾಗ "ನಿಲ್" ಅಂತ ಬರದ. ಮನ್ಯಾಗ ನಾವು ಮೂರು ಮಂದಿ ಉಣ್ಣಾಕ ಕುಂತಿದ್ವಿ!

ಅಪ್ಪ ತೀರ್ಕೊಂಡ ಮ್ಯಾಲ ವಾರಸಾ ಮಾಡಸಾಕ ಹೋದ್ರ, "ಇವ್ರಿಗೆ ಮಕ್ಕಳ ಇಲ್ಲಲ್ರೀ" ಅಂದ ಗುಮಾಸ್ತ. ನಾ ಎದುರಿಗೇ ನಿಂತೀನಿ. ಅಫಿಡವಿಟ್ ಮೊದಲನೇದು 300 ರೂಪಾಯಿ, ಅದರಾಗ ತಾರೀಖು ತಪ್ಪು. ಎರಡನೇದು ಮತ್ತ 300, ಅದರಾಗ ಸಣ್ಣ ತಂಗಿ ಹೆಸರು ತಪ್ಪು. ಮೂರನೇದಕ್ಕ 350, ಅಷ್ಟೊತ್ತಿಗೆ ಟೈಪಿಂಗ್ ರೇಟ್ ಏರಿತ್ತು. ಪೇಪರಿನ್ಯಾಗ ಜಾಹೀರಾತು 2,800. ತಂಗಿ ಇಲಕಲ್ಲಿಂದ ಸಹಿಗೆ ಬಂದಿದ್ದು 5 ಸಲ, ಒಂದು ಸಲ ಸಾಹೇಬ್ರು ರಜಾ. ನಾನು 14 ಸಲ. ವಹಿ ಇಟ್ಟೀನಿ, ಚಾ-ಉಪ್ಪಿಟ್ಟು ಬಿಟ್ಟು ಒಟ್ಟು 23,450.

ವಿಜಯಪುರ ಮಾಸ್ತರ:
ಮೊದಲು ಆ ಫಾರ್ಮೇ ತಪ್ಪು. ಸಂತತಿ ಅನ್ನೋ ಅರ್ಥದಲ್ಲಿ ಇಶ್ಯೂ ಶಬ್ದಕ್ಕೆ ಬಹುವಚನ ಹಚ್ಚೋದಿಲ್ಲ. ಒಂದಿದ್ದರೂ ಹತ್ತಿದ್ದರೂ ಇಶ್ಯೂ. "ಇಶ್ಯೂಸ್" ಅಂದರೆ ತಕರಾರುಗಳು ಅಂತ ನಿಮ್ಮ ತಂದೆಯವರು ತಿಳಿದದ್ದೇ ಸರಿ. 34 ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಇದರ ಬೇರು ಲ್ಯಾಟಿನ್ನಿನ "ಎಕ್ಸೀರೆ", ಅಂದರೆ ಹೊರಗೆ ಹೋಗು. ಹೊಟ್ಟೆಯಿಂದ ಕೂಸು, ಪ್ರೆಸ್ಸಿಂದ ಸಂಚಿಕೆ, ಗಾಯದಿಂದ ರಕ್ತ, ಎಲ್ಲವೂ ಹೊರಬರುವಂಥವೇ. ನಮ್ಮಲ್ಲೂ ಸರಕಾರ ಆದೇಶ "ಹೊರಡಿಸು"ತ್ತದಲ್ಲ? ಆದರೆ "ಟೇಕ್ ಇಶ್ಯೂ ವಿತ್" ಅಂದರೆ ಭಿನ್ನಾಭಿಪ್ರಾಯ. ನಾನು ಒಮ್ಮೆ ರಜೆ ಕಡಿತದ ಬಗ್ಗೆ ಮುಖ್ಯಸ್ಥರಿಗೆ ಹಾಗೆ ಬರೆದೆ. ಅವರು ಅದನ್ನು ಇಶ್ಯೂ ಮಾಡಿದರು. ಎರಡು ಇನ್‌ಕ್ರಿಮೆಂಟ್ ಹೋಯಿತು.

ನವನಗರದಾವ:
ಸರ್, 23,450 ಹೋತು ಅಂದ್ರ ನೀವು ಬಹುವಚನ ಕಲಸಾಕತ್ತೀರಿ.

ಕೈ ಸುಟ್ಕೊಂಡ ತರ್ಜುಮೆದಾರ, ಬೆಳಗಾವಿ:
ಮಾಸ್ತರ ಪಾಠ ಛಲೋ ಐತಿ, ಕೋರ್ಟಿನ್ಯಾಗ ನಡೆಯಂಗಿಲ್ಲ. ಪುಟಕ್ಕ 250ರಂಗ 38 ಪುಟ ಒಪ್ಕೊಂಡಿದ್ದೆ. "ಹಿಸ್ ಇಶ್ಯೂ" ಇದ್ದಲ್ಲೆಲ್ಲ "ಅವನ ಮಕ್ಕಳು" ಅಂತ ಬರದೆ. ಎದುರಿನ ವಕೀಲ ಹಿಡಕೊಂಡ ನೋಡ್ರಿ. ಕಾಯ್ದೆದಾಗ ಇಶ್ಯೂ ಅಂದ್ರ ಬರೇ ಮಕ್ಕಳಲ್ಲ; ಮೊಮ್ಮಕ್ಕಳು, ಮರಿಮಕ್ಕಳು, ಕೆಳಗ ಎಷ್ಟು ತಲಿ ಇದ್ರೂ ಬರ್ತಾವ. ನನ್ನ ಒಂದು ಶಬ್ದದಾಗ ಮೊಮ್ಮಕ್ಕಳು ಹೊರಗ ಬಿದ್ರು! ಪೂರ್ತಿ 38 ಪುಟ ಪುಕ್ಕಟೆ ಮತ್ತ ಮಾಡಿದೆ, ಗೋಕಾಕಕ್ಕ ನಾಕು ಸಲ ಗಾಡಿ ಹೊಡದೆ, ಮೂರನೇ ಸಲ ಟೈರ್ ಪಂಕ್ಚರ್. ಕರದಂಟು ಸುದ್ದಾ ತರಲಿಲ್ಲ, ಅಷ್ಟು ಸಿಟ್ಟು.

ಬಾಗಲಕೋಟಿ ಕಾಕಾ:
ಇಷ್ಟ್ಯಾಕ ಒದ್ದಾಡ್ತೀರಿ, ಫೋನಿನ್ಯಾಗ ಹಾಕಿದ್ರ ಒಂದು ನಿಮಿಷದ ಕೆಲಸ. ನಾ ಹಂಗ ಮಾಡೀನಿ, ಒಂದು ಪೈಸೆ ಖರ್ಚಿಲ್ಲ.

ಕೈ ಸುಟ್ಕೊಂಡ ತರ್ಜುಮೆದಾರ, ಬೆಳಗಾವಿ:
ಕಾಕಾ, "ಇಶ್ಯೂಸ್ ಫ್ರೇಮ್ಡ್" ಹಾಕಿ ನೋಡಿದ್ರೇನು? ನನ್ನ ಫೋನ್ "ಸಮಸ್ಯೆಗಳಿಗೆ ಚೌಕಟ್ಟು ಹಾಕಲಾಗಿದೆ" ಅಂತು. ದೇವರ ಫೋಟೋ ಏನದು? ಅದಕ್ಕ ವಿವಾದಾಂಶ ಅಂತಾರ, ಅಂದ್ರ ಕೋರ್ಟು ತೀರ್ಮಾನ ಮಾಡಬೇಕಾದ ತಕರಾರಿನ ಅಂಶ, ದಿವಾಣಿ ಪ್ರಕ್ರಿಯಾ ಸಂಹಿತೆ ಆದೇಶ 14. ನಿಮ್ಮಂಥವ್ರ ಸಲುವಾಗಿ ನಮಗ 250 ಕೊಡಾಕೂ ಮಂದಿ ಚೌಕಾಶಿ ಮಾಡ್ತಾರ.

ಕಿತ್ತೂರ ದತ್ತಕ:
ನಾನು ದತ್ತಕ ಮಗ. ನಮ್ಮ ಕಾಗದದಾಗ "ಡೈಡ್ ವಿದೌಟ್ ಇಶ್ಯೂ" ಅಂತ ಬರದು, ಕನ್ನಡದಾಗ "ನಿಸ್ಸಂತಾನವಾಗಿ" ಅಂತ ಇಳಿಸಿದ್ರು. ನನ್ನ ಕೈಯಿಂದ ನೀರು ಕುಡದು ಪ್ರಾಣ ಬಿಟ್ಟ ಅಪ್ಪ ನಿಸ್ಸಂತಾನ! 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ದತ್ತಕ ಆದ ದಿನದಿಂದ ನಾ ಅವನ ಮಗನ. ಇಷ್ಟು ಹೇಳಾಕ 6 ವರ್ಷ, ಎರಡು ಎಮ್ಮಿ ಮಾರೀನಿ, ಒಂದು ಗಬ್ಬ ಇತ್ತು. ನಮ್ಮೂರ ಸಂಸ್ಥಾನನೂ ಇದೇ ಮಾತಿಗೆ ಹೋತು. ಡಾಲ್ಹೌಸಿ ದತ್ತಕ ಒಪ್ಪಲಿಲ್ಲ.

ವಿಜಯಪುರ ಮಾಸ್ತರ:
ಡಾಲ್ಹೌಸಿ ಬಂದದ್ದು 1848ರಲ್ಲಿ. ಕಿತ್ತೂರಿನದು 1824. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತು ಒಪ್ಪದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ಆ ಥ್ಯಾಕರೆ ಅಕ್ಟೋಬರ್ 23ರಂದು ಕಿತ್ತೂರಿನ ಯುದ್ಧದಲ್ಲಿ ಸತ್ತ.

ಕಿತ್ತೂರ ದತ್ತಕ:
ನಮಗ ನಮ್ಮೂರ ಉತ್ಸವದ ತಾರೀಖು ಹೇಳಾಕ ಬರಬ್ಯಾಡ್ರಿ. ಹೆಸರು ತಪ್ಪಿತು, ಸಂಕಟ ತಪ್ಪಿಲ್ಲ. ನನ್ನ ಅಪೀಲು ಹೈಕೋರ್ಟಿನ ಧಾರವಾಡ ಪೀಠದಾಗ ಕುಂತೈತಿ. ನೀವೂ ಅಲ್ಲಿಗೆ ಬರ್ರಿ, ಭೇಟಿ ಆಗೋಣು.

ವಿಜಯಪುರ ಮಾಸ್ತರ:
ವಿಜಯಪುರದವರಿಗೆ ಕಲಬುರಗಿ ಪೀಠ. ಅದೂ ತಪ್ಪು.

ಬಾಗಲಕೋಟಿ ಕಾಕಾ:
ಈ ಮಾಸ್ತರಗ ಇನ್‌ಕ್ರಿಮೆಂಟ್ ಯಾಕ ಹೋತು ಅಂತ ಈಗ ತಿಳೀತು.

ಅಥಣಿ ಮೊಮ್ಮಗ:
ಹಿರ್ಯಾರ, ಕಾಲು ಬೀಳ್ತೀನಿ. ನಮ್ಮ ಅಕ್ಕನ ಮಗ, ಅಂದ್ರ ದೊಡ್ಡಪ್ಪನ ಮೊಮ್ಮಗ, ಬರ್ತಾನೋ ಇಲ್ಲೋ? ಮಕ್ಕಳೋ, ಸಂತತಿಯೋ?

ಕೈ ಸುಟ್ಕೊಂಡ ತರ್ಜುಮೆದಾರ, ಬೆಳಗಾವಿ:
38 ಪುಟದ ಕಥಿ ಮತ್ತ ಯಾಕ ಹೇಳಿದೆ? ಸಂತತಿ. ಬಾಜೂಕ "ಇಶ್ಯೂ" ಅಂತ ಮೂಲ ಶಬ್ದನೂ ಹಂಗ ಇಡು. ವಕೀಲರಿಗೆ ತೋರಿಸದ ಸಹಿ ಮಾಡಬ್ಯಾಡ.

ನವನಗರದಾವ:
ಫಾರ್ಮ್ ಕೊಟ್ರ ಯಾವ ಕಾಲಮ್ಮಿನ್ಯಾಗೂ ನಿಲ್ ಬರೀಬ್ಯಾಡ. 2,800ರ ರಸೀದಿ ಇನ್ನೂ ನನ್ನ ಹತ್ರ ಐತಿ, ಬೇಕಂದ್ರ ಫೋಟೋ ಹಾಕ್ತೀನಿ.