ವಿಷಯ: ರಕ್ತ ತೆಗೆಯುವ ಚಾರ್ಟಿನಲ್ಲಿ ‘ನರ’ ಅಂತ ಬರೆಯಬಹುದಾ? (ತುರ್ತು)

ರಾಯಚೂರಿನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಲ್ಯಾಬ್ ಟೆಕ್ನಿಷಿಯನ್. ಸಿಸ್ಟರ್‌ಗಳಿಗೆ ರಕ್ತ ತೆಗೆಯುವ ತರಬೇತಿ ಇಟ್ಟುಕೊಂಡಿದ್ದೇವೆ. ವಾರ್ಡಿನ ಗೋಡೆಗೆ ಹಾಕುವ ಚಾರ್ಟು ನಾಳೆ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಒಂದು ಪದದಿಂದ ನಿಂತಿದೆ.

ಇಲ್ಲಿ ಎಲ್ಲರೂ ‘ನರ ಸಿಗ್ತಿಲ್ಲ’ ಅಂತಲೇ ಹೇಳುವುದು. ರೋಗಿಯೂ ಅಷ್ಟೇ, ಸಿಸ್ಟರೂ ಅಷ್ಟೇ. ಆದರೆ ಚಾರ್ಟಿನಲ್ಲಿ ಎರಡು ಮಾತು ಅಕ್ಕಪಕ್ಕ ಬರಬೇಕು. ರಕ್ತ ತೆಗೆಯಲು ಮೊಣಕೈ ಮಡಿಕೆಯ ನಡುವಿನ ವೇನ್ ಇಲ್ಲವೇ ಹೆಬ್ಬೆರಳಿನ ಕಡೆಯದು ಆರಿಸಿ ಅನ್ನುವುದು ಒಂದು. ಕಿರುಬೆರಳಿನ ಕಡೆಯದು ಬೇಡ, ಅದರ ಮಗ್ಗುಲಲ್ಲೇ ನರ್ವ್ (ಸಂವೇದನೆ ಒಯ್ಯುವ ತಂತು) ಇದೆ ಅನ್ನುವುದು ಇನ್ನೊಂದು. ಎರಡಕ್ಕೂ ‘ನರ’ ಅಂದರೆ ಹೇಗೆ?

ಸರಿಯಾದ ಜಾಗ ಸಿಗದೆ ಚರ್ಮದೊಳಗೆ ಸೂಜಿ ಆಡಿಸಿದರೆ ಕೆಂಪು ಕಣಗಳು ಒಡೆಯುತ್ತವೆ. ತಿಳಿ ಹಳದಿ ಇರಬೇಕಾದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಕೆಂಪಗೆ ಬರುತ್ತದೆ. ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. ಆ ರಿಪೋರ್ಟು ಕೊಡುವ ಹಾಗಿಲ್ಲ, ರೋಗಿಗೆ ಮತ್ತೆ ಚುಚ್ಚಬೇಕು. ದಯವಿಟ್ಟು ಬೇಗ ಹೇಳಿ.

ಮೊದಲ ಉತ್ತರ:

ವೇನ್‌ಗೆ ಅಭಿಧಮನಿ. ಶಾಲೆಯ ಪಠ್ಯಪುಸ್ತಕದಲ್ಲೇ ಇದೆ. ಇದರಲ್ಲಿ ಚರ್ಚೆ ಮಾಡುವಂಥದ್ದೇನಿಲ್ಲ.

ಬಳ್ಳಾರಿಯಿಂದ:

ಖಂಡಿತ ಬೇಡ. ಆರ್ಟರಿಗೆ ಅಪಧಮನಿ, ವೇನ್‌ಗೆ ಅಭಿಧಮನಿ. ಗಡಿಬಿಡಿಯಲ್ಲಿ ಓದುವವರಿಗೆ ಯಾವುದು ಯಾವುದೆಂದು ಹೇಗೆ ತಿಳಿಯಬೇಕು? ಅಭಿಧಮನಿಯಿಂದ ರಕ್ತ ತೆಗೆಯಬೇಕು, ಅಪಧಮನಿಗೆ ಸೂಜಿ ತಾಗಲೇಬಾರದು.

‘ನರ’ ನಮ್ಮದೇ ಪದ. ತಮಿಳಿನ ನರಂಬು, ತೆಲುಗಿನ ನರಮು ಇದರ ಒಡಹುಟ್ಟು. ರಕ್ತ ಹರಿಯುವ ನಾಳಕ್ಕೂ ಅದೇ, ನರ್ವಿಗೂ ಅದೇ. ಜನ ತಪ್ಪು ಆಡುತ್ತಿಲ್ಲ. ನರ್ವಿಗೆ ಮಾತ್ರ ಅಂತ ಬೇಲಿ ಹಾಕಿದ್ದು ಪಠ್ಯ ಬರೆದವರು. ಹಾಗಾಗಿ ‘ನೆತ್ತರು ನರ’, ‘ಅರಿವಿನ ನರ’ ಅಂತ ಬರೆಯಿರಿ. ರಕ್ತ ಅನ್ನುವ ಸಂಸ್ಕೃತವೂ ತಪ್ಪುತ್ತದೆ. ಟೂರ್ನಿಕೆ (ತೋಳಿಗೆ ಬಿಗಿಯುವ ಪಟ್ಟಿ), ಸಿರಿಂಜ್ ಎಲ್ಲವಕ್ಕೂ ಕನ್ನಡ ಕಟ್ಟಬಹುದು. ಮನಸ್ಸು ಬೇಕಷ್ಟೆ.

ಕೊಪ್ಪಳದಿಂದ:

ಸರ್, ನಾನು ನರ್ಸಿಂಗ್ ಕಲಿಸುವವಳು. ‘ನೆತ್ತರು ತೆಗೀತೀನಿ’ ಅಂದರೆ ಹಾಸಿಗೆ ಮೇಲಿದ್ದವರು ಎದ್ದು ಕೂರುತ್ತಾರೆ. ಹಳ್ಳಿಯವರ ಬಾಯಲ್ಲಿ ಅದು ‘ರಗತ’. ಸಂಸ್ಕೃತದ ರಕ್ತವನ್ನೇ ತಮ್ಮದು ಮಾಡಿಕೊಂಡಿದ್ದಾರೆ, ಯಾರಿಗೂ ಪರಕೀಯ ಅನಿಸಿಲ್ಲ. ಟೂರ್ನಿಕೆಗೆ ಹೊಸ ಪದ ಕಟ್ಟಿದರೆ ರಾತ್ರಿ ಪಾಳಿಯಲ್ಲಿ ‘ಅದನ್ನ ಕೊಡು’ ಅಂತ ಕೈ ತೋರಿಸಬೇಕಾಗುತ್ತದೆ.

ರಾಯಚೂರಿನವರಿಗೆ: ‘ರಕ್ತನಾಳ’ ಬರೆಯಿರಿ. ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾಗಿ ಕ್ರಿಯಾಪದ ನೋಡಿಕೊಳ್ಳಿ. ನೇರಳೆ ಮುಚ್ಚಳದ ಟ್ಯೂಬಿಗೆ ‘ಚೆನ್ನಾಗಿ ಮಿಶ್ರಣ ಮಾಡಿ’ ಅಂತ ಹಾಕಿಬಿಟ್ಟೀರಿ. ಹಾಗೆ ಓದಿದವರು ಟಾನಿಕ್ ಬಾಟಲಿ ಕುಲುಕಿದಂತೆ ಕುಲುಕುತ್ತಾರೆ. ಕಣ ಒಡೆಯುವುದು ಅಲ್ಲೇ. ‘ಮೆಲ್ಲಗೆ 8–10 ಸಲ ತಲೆಕೆಳಗೆ ಮಾಡಿ, ಕುಲುಕಬೇಡಿ’ ಅಂತ ಇರಲಿ. ‘ಟೂರ್ನಿಕೆ ಒಂದು ನಿಮಿಷದೊಳಗೆ ಬಿಚ್ಚಿ’ ಅನ್ನುವುದನ್ನೂ ದಪ್ಪಕ್ಷರದಲ್ಲಿ ಹಾಕಿ. ‘ಸಡಿಲಿಸಿ’ ಅಂದರೆ ಅರ್ಧ ಸಡಿಲ ಮಾಡಿ ಬಿಡುತ್ತಾರೆ.

ಬಳ್ಳಾರಿಯಿಂದ ಮತ್ತೆ:

ಗೊತ್ತಿರುವುದನ್ನೇ ಬರೆಯುತ್ತಾ ಹೋದರೆ ಕನ್ನಡಕ್ಕೆ ಹೊಸ ಪದ ಬರುವುದು ಯಾವಾಗ? ‘ಬಿಚ್ಚಿ’, ‘ತಲೆಕೆಳಗೆ’ ಒಪ್ಪುತ್ತೇನೆ. ‘ರಕ್ತನಾಳ’ ಒಪ್ಪಲಾರೆ. ರಕ್ತವೂ ಸಂಸ್ಕೃತ, ನಾಳವೂ ಸಂಸ್ಕೃತ.

ಮೊದಲ ಉತ್ತರದವರು:

ಅಪಧಮನಿಯೂ ರಕ್ತನಾಳವೇ. ನಿಖರತೆ ಬೇಡ ಅಂದಮೇಲೆ ಈ ಮೇಲಿಂಗ್ ಪಟ್ಟಿಯಲ್ಲಿ ಕೇಳುವುದೇಕೆ?

ರಾಯಚೂರಿನಿಂದ:

ನಿಖರತೆ ಬೇಕಂತಲೇ ಕೇಳಿದ್ದು, ಸರ್. ನಿಮ್ಮ ಮಾತು ನಿಜ, ಅದಕ್ಕೇ ಈ ಸಾಲು ಸೇರಿಸಿದ್ದೇನೆ: ‘ಬೆರಳಿಟ್ಟಾಗ ಮಿಡಿಯುವ ರಕ್ತನಾಳಕ್ಕೆ ಚುಚ್ಚಬೇಡಿ’. ನರ್ವಿಗೆ ಪದ ಹಾಕುವ ಬದಲು ರೋಗಿ ಆಡುವ ಮಾತೇ ಇಟ್ಟೆ: ‘ಕೈಯಲ್ಲಿ ಕರೆಂಟ್ ಹೊಡೆದ ಹಾಗಾಯ್ತು ಅಂದರೆ ತಕ್ಷಣ ಸೂಜಿ ತೆಗೆಯಿರಿ’. ಕೊಪ್ಪಳದ ಮೇಡಂ ಹೇಳಿದ ಎರಡೂ ಸಾಲು ಬಂದಿವೆ. ಚಾರ್ಟು ಪ್ರೆಸ್ಸಿಗೆ ಕೊಟ್ಟೆ. ನೆತ್ತರಿನ ಚರ್ಚೆ ಮುಂದುವರಿಸುವವರು ದಯವಿಟ್ಟು ಬೇರೆ ವಿಷಯ ಹಾಕಿ ಬರೆಯಿರಿ.