ಉದ್ರಿ ಮಾಲಿನ ಹಣ ಕೊಡದಿದ್ದರೆ ಅದು ವಂಚನೆಯ ಅಪರಾಧವೇ?

ಪ್ರಶ್ನೆ (ಬ್ಯಾಡಗಿ):
ನಮ್ಮ ಅಣ್ಣನವರು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದ 40 ಚೀಲ ಮೆಣಸಿನಕಾಯಿಯನ್ನು ಪರಿಚಯದ ವ್ಯಾಪಾರಿಯೊಬ್ಬರಿಗೆ ಉದ್ರಿ ಕೊಟ್ಟರು. ಹದಿನೈದು ದಿನ ಮುಂದಿನ ತಾರೀಖು ಹಾಕಿ ಅವರು ಬರೆದುಕೊಟ್ಟ ಚೆಕ್ಕು ಕಳೆದ ವಾರ ವಾಪಸ್ಸು ಬಂದಿದೆ. ಠಾಣೆಗೆ ಹೋದರೆ, ಇದು ಸಿವಿಲ್ ವ್ಯಾಜ್ಯ, 420 ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಮಾಲು ಒಯ್ದು ಹಣ ಕೊಡದಿರುವುದು ಮೋಸವಲ್ಲದಿದ್ದರೆ, ಕಾನೂನು ಯಾವುದನ್ನು ಮೋಸ ಎನ್ನುತ್ತದೆ?

ಉತ್ತರ (ಧಾರವಾಡ, ವಕೀಲರು):
2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318(4) ಇದೆ. ಶಿಕ್ಷೆ ಮೊದಲಿನಂತೆಯೇ 7 ವರ್ಷದವರೆಗೆ. ತತ್ವವೂ ಬದಲಾಗಿಲ್ಲ. ಮಾಲು ಪಡೆಯುವ ಹೊತ್ತಿಗೇ ಆ ವ್ಯಾಪಾರಿಗೆ ಹಣ ಕೊಡುವ ಇರಾದೆ ಇರಲಿಲ್ಲವೇ ಎಂಬುದೇ ಇಲ್ಲಿ ಮುಖ್ಯ. ಕಲಮಿನೊಳಗೇ ಇದಕ್ಕೊಂದು ಉದಾಹರಣೆಯಿದೆ: ನೀಲಿ ಗಿಡ (ಬಣ್ಣ ತೆಗೆಯುವ ಇಂಡಿಗೊ ಬೆಳೆ) ಪೂರೈಸುತ್ತೇನೆಂದು ಮುಂಗಡ ಪಡೆಯುವಾಗಲೇ ಪೂರೈಸುವ ಮನಸ್ಸಿಲ್ಲದವನು ವಂಚಕ, ಆಗ ಮನಸ್ಸಿದ್ದು ನಂತರ ಮಾತು ತಪ್ಪಿದವನ ಮೇಲೆ ಸಿವಿಲ್ ದಾವೆ ಮಾತ್ರ. 2000ರಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟಪಡಿಸಿತು. ಕೊಟ್ಟ ಮಾತು ಉಳಿಯಲಿಲ್ಲ ಎಂಬುದೊಂದರಿಂದಲೇ ಆರಂಭದ ದುರುದ್ದೇಶವನ್ನು ಊಹಿಸಲಾಗದು.

ಮನಸ್ಸಿನೊಳಗಿನದನ್ನು ಸಾಬೀತುಪಡಿಸುವುದು ಹೇಗೆ ಎಂದು ನೀವು ಕೇಳಬಹುದು. ನಡವಳಿಕೆಯಿಂದಲೇ. ಅದೇ ದಿನಗಳಲ್ಲಿ ಅವರು ಬೇರೆ ರೈತರಿಂದಲೂ ಹೀಗೆಯೇ ಮಾಲು ಎತ್ತಿದ್ದರೆ, ಇಲ್ಲದ ಲೈಸೆನ್ಸನ್ನು ಇದೆ ಎಂದು ತೋರಿಸಿದ್ದರೆ, ಒಯ್ದ ಮಾಲನ್ನು ಕೂಡಲೇ ಅಗ್ಗಕ್ಕೆ ಮಾರಿ ಅಂಗಡಿ ಮುಚ್ಚಿದ್ದರೆ, ಅವೆಲ್ಲ ಸಾಕ್ಷ್ಯವಾಗುತ್ತವೆ. ದೂರಿನಲ್ಲಿ ‘ಹಣ ಕೊಟ್ಟಿಲ್ಲ’ ಎಂದಷ್ಟೇ ಬರೆಯದೆ, ಏನು ಸುಳ್ಳು ಹೇಳಿ ನಂಬಿಸಿದರು, ಆ ಮಾತು ಕೇಳದಿದ್ದರೆ ಅಣ್ಣನವರು ಮಾಲು ಕೊಡುತ್ತಿರಲಿಲ್ಲವೇ ಎಂಬುದನ್ನು ಬರೆಯಿರಿ.

ಉತ್ತರ (ಗದಗ):
ನಂಬಿಕೆ ದ್ರೋಹದ ಕಲಮನ್ನೂ ಜೊತೆಗೆ ಹಾಕಬಹುದಲ್ಲವೇ? ನಮ್ಮ ಕಡೆಯ ದೂರುಗಳಲ್ಲಿ ಎರಡನ್ನೂ ಒಟ್ಟಿಗೆ ಬರೆಯುವುದನ್ನು ನೋಡಿದ್ದೇನೆ.

ಉತ್ತರ (ಧಾರವಾಡ, ವಕೀಲರು):
ಒಂದೇ ಸಂಗತಿಗೆ ಎರಡೂ ಹೊಂದುವುದಿಲ್ಲವೆಂದು 2024ರಲ್ಲಿ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಂಚನೆಯಲ್ಲಿ ಮೋಸ ಮೊದಲು, ಮಾಲು ಆಮೇಲೆ. ನಂಬಿಕೆ ದ್ರೋಹದಲ್ಲಿ ಮಾಲು ನ್ಯಾಯವಾಗಿಯೇ ಕೈಗೆ ಬಂದು, ಅದು ಕೊಟ್ಟವರದಾಗಿಯೇ ಉಳಿದಿರುವಾಗ ಇಟ್ಟುಕೊಂಡವನು ತನ್ನದೆಂದು ಬಳಸಿಕೊಳ್ಳುತ್ತಾನೆ. ಅಣ್ಣನವರು ‘ಮಾರಿ ಹಣ ತಂದುಕೊಡಿ’ ಎಂದು ದಲಾಲರ ಕೈಗೆ ಒಪ್ಪಿಸಿದ್ದರೆ ನಂಬಿಕೆ ದ್ರೋಹದ ಕಲಂ, ಅಂದರೆ ನ್ಯಾಯ ಸಂಹಿತೆಯ 316, ಪರಿಶೀಲಿಸಬಹುದಿತ್ತು. ಇಲ್ಲಿ ಅವರು ಮಾರಿಯೇ ಬಿಟ್ಟಿದ್ದಾರೆ. ಮಾಲು ಕೊಂಡವರದಾಯಿತು, ಅಣ್ಣನವರಿಗೆ ಉಳಿದದ್ದು ಬಾಕಿ ಹಣದ ಹಕ್ಕು. ಎರಡೂ ಕಲಂ ಬರೆದರೆ ದೂರು ಗಟ್ಟಿಯಾಗುತ್ತದೆಂಬ ಭಾವನೆ ನಮ್ಮಲ್ಲಿ ಬಹಳವಿದೆ. ಆದರೆ ಪ್ರಕರಣದ ರದ್ದತಿ ಕೋರಿ ಹೈಕೋರ್ಟಿಗೆ ಹೋಗುವ ಎದುರು ಪಕ್ಷದವರು ಮೊದಲು ಹಿಡಿಯುವುದು ಇದನ್ನೇ.

ಪ್ರಶ್ನೆ ಕೇಳಿದವರು:
ಬ್ಯಾಂಕಿನ ಚೀಟಿಯಲ್ಲಿ ‘ಖಾತೆ ಮುಚ್ಚಲಾಗಿದೆ’ ಎಂದಿದೆ. ಇದರಿಂದ ವ್ಯತ್ಯಾಸವಾಗುತ್ತದೆಯೇ ಸರ್?

ಉತ್ತರ (ಧಾರವಾಡ, ವಕೀಲರು):
ಬಹಳ ವ್ಯತ್ಯಾಸವಾಗುತ್ತದೆ. ಚೆಕ್ಕು ಬರೆದುಕೊಡುವ ಮೊದಲೇ ಆ ಖಾತೆ ಮುಚ್ಚಿತ್ತು, ಅದು ಅವರಿಗೆ ಗೊತ್ತಿತ್ತು ಎಂದಾದರೆ, ಆರಂಭದಲ್ಲೇ ದುರುದ್ದೇಶವಿತ್ತು ಎನ್ನುವುದಕ್ಕೆ ಅದಕ್ಕಿಂತ ನೇರ ಸಾಕ್ಷ್ಯ ಸಿಗುವುದು ಕಷ್ಟ. ಮಾಲು ಒಯ್ದ ಮೇಲೆ ಮುಚ್ಚಿದ್ದರೆ ವಾದ ಅಷ್ಟು ಸುಲಭವಲ್ಲ. ಆದ್ದರಿಂದ ಖಾತೆ ಮುಚ್ಚಿದ ದಿನಾಂಕವನ್ನು ಬ್ಯಾಂಕಿನಿಂದ ತರಿಸಬೇಕೆಂದು ದೂರಿನಲ್ಲೇ ಕೇಳಿ. ಠಾಣೆಯವರು ದೂರು ದಾಖಲಿಸದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಿರಿ, ನಂತರ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಚೆಕ್ಕು ವಾಪಸ್ಸಾದದ್ದಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದಾರಿ ಪ್ರತ್ಯೇಕವಾಗಿದ್ದು, ಖಾತೆ ಮುಚ್ಚಿದ್ದರೂ ಅದು ಅನ್ವಯಿಸುತ್ತದೆ. ಬ್ಯಾಂಕಿನ ಚೀಟಿ ಕೈಸೇರಿದ 30 ದಿನಗಳೊಳಗೆ ಲಿಖಿತ ನೋಟಿಸು ಕಳಿಸಬೇಕು. ಅದನ್ನು ಈ ವಾರವೇ ಕಳಿಸಿಬಿಡಿ.